ಅತ್ತವಳು, ಅಳು ನುಂಗಿದವಳು

ಮನೆಗೆ ದುಃಖ ಬಂದಾಗ ಒಬ್ಬರು ಗೋಳಾಡುತ್ತಾರೆ, ಇನ್ನೊಬ್ಬರು ಬಂದವರಿಗೆ ನೀರು ಕೊಡುತ್ತಾರೆ. ಅತ್ತವರಿಗೇ ಪ್ರೀತಿ ಹೆಚ್ಚು ಎಂದು ಊರು ತೀರ್ಮಾನಿಸಿಬಿಡುತ್ತದೆ.

ಇಂಗ್ಲಿಷ್ ಲೇಖಕಿ ಜೇನ್ ಆಸ್ಟೆನ್ 1811ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ (ಬುದ್ಧಿ ಮತ್ತು ಭಾವ) ಕಾದಂಬರಿ ಈ ತೀರ್ಮಾನವನ್ನೇ ಪ್ರಶ್ನಿಸುತ್ತದೆ. ತಂದೆ ತೀರಿಕೊಂಡು, ಆಸ್ತಿ ಅವನ ಮೊದಲ ಹೆಂಡತಿಯ ಮಗನ ಪಾಲಾದಾಗ 19ರ ಎಲಿನರ್ ಮನೆಖರ್ಚಿನ ಲೆಕ್ಕ ನೋಡುತ್ತಾಳೆ. ತಂಗಿ ಮೇರಿಯನ್ ದುಃಖಕ್ಕೆ ಕಡಿವಾಣವೇ ಹಾಕುವವಳಲ್ಲ. ಪ್ರಿಯಕರ ಕೈಬಿಟ್ಟಾಗ ಊಟ ನಿದ್ದೆ ಬಿಟ್ಟು, ಜ್ವರ ಹಿಡಿದು, ಸಾವಿನ ಬಾಗಿಲಿಗೆ ಹೋಗಿ ಬರುತ್ತಾಳೆ.

ಹಾಗೆಂದು ಎಲಿನರ್ ಎದೆ ಕಲ್ಲಲ್ಲ. ತಾನು ಮೆಚ್ಚಿದವನಿಗೆ ಬೇರೊಬ್ಬಳೊಂದಿಗೆ ಗುಟ್ಟಾಗಿ ನಿಶ್ಚಯವಾಗಿರುವ ಸುದ್ದಿಯನ್ನು, ಕೊಟ್ಟ ಮಾತಿಗಾಗಿ ನಾಲ್ಕು ತಿಂಗಳು ತಂಗಿಗೂ ಹೇಳದೆ ನುಂಗುತ್ತಾಳೆ. ಅವನಿಗೆ ಮದುವೆಯಾಗಿಲ್ಲವೆಂದು ತಿಳಿದ ದಿನ ಕೋಣೆಯಿಂದ ಓಡಿಹೋಗಿ ಸಂತೋಷದಿಂದ ಅಳುತ್ತಾಳೆ.

ಅಫಜಲಪುರ ತಾಲ್ಲೂಕಿನ ಮಣ್ಣೂರಿನಂಥ ಭೀಮಾ ನದಿ ದಂಡೆಯ ಊರಿಗೆ ಬುದ್ಧಿ, ಭಾವ ಎರಡೂ ಬೇಕೆಂಬುದನ್ನು ಯಾರೂ ಕಲಿಸಬೇಕಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದ್ದನ್ನು ಈ ಸೀಮೆ ಕಂಡಿದೆ. ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆಂದು ಕೇಳಿದೊಡನೆ ದನಕರು ಬಿಚ್ಚಿ, ಮುದುಕರನ್ನು ಎತ್ತರಕ್ಕೆ ಸಾಗಿಸುವುದು ಬುದ್ಧಿ. ಮುಳುಗಿದ ತೊಗರಿ ಹೊಲ ಕಂಡು ಕಣ್ಣೀರಿಡುವುದು ಭಾವ. ಮೊದಲನೆಯದಿಲ್ಲದೆ ಜೀವ ಉಳಿಯದು, ಎರಡನೆಯದಿಲ್ಲದೆ ಉಳಿದ ಜೀವಕ್ಕೆ ಅರ್ಥವಿಲ್ಲ.

ಅಳುವವರನ್ನು ಸಮಾಧಾನಪಡಿಸಲು ನಾಲ್ಕು ಜನ ಬರುತ್ತಾರೆ. ಅಳದೆ ಕೆಲಸ ಮಾಡುತ್ತಿರುವವರನ್ನೂ ಇವತ್ತು ಒಮ್ಮೆ ಹತ್ತಿರ ಕೂತು ಕೇಳಿ: ‘ನೀ ಹೆಂಗದೀ?’