ಚಳವಳಿಯ ಲೆಕ್ಕ ಹಾಲಿನ ಪುಸ್ತಕದಲ್ಲಿ

(ಸಂಡೂರಿನಲ್ಲಿ ಏರ್ಪಡಿಸಿದ್ದ ಸಂಘಗಳ ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ನಿವೃತ್ತ ಕಾರ್ಯದರ್ಶಿಯೊಬ್ಬರು ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ ದಾಖಲೆ ಪುಸ್ತಕಗಳ ನಿರ್ವಹಣೆ. ಊಟಕ್ಕೆ ಮುಂಚಿನ ಭಾಷಣ, ಅದೂ ಲೆಕ್ಕಪುಸ್ತಕದ ಮೇಲೆ ಎಂದರೆ ತಮಗೆ ತೂಕಡಿಕೆ ಬರುವುದು ಸಹಜ. ಆದ್ದರಿಂದ ಆಡಿಟ್ಟಿನ ಮಾತು ಬಿಟ್ಟು ನನ್ನಿಂದಾದ ಒಂದು ತಪ್ಪಿನಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬರು ನಮ್ಮ ಊರಿಗೆ ಬಂದಿದ್ದರು. ಅಕ್ರಮ ಗಣಿಗಾರಿಕೆಯ ವಿರುದ್ಧ ನಡೆದ ಚಳವಳಿ ಮತ್ತು ಅದರಿಂದ ನಮ್ಮ ಹಳ್ಳಿಗಳಲ್ಲಿ ಆದ ಬದಲಾವಣೆ ಅವರ ವಿಷಯ. ನಾನು ಉತ್ಸಾಹದಿಂದ ಹೇಳುತ್ತಾ ಹೋದೆ. 2008ರ ಡಿಸೆಂಬರಿನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಕೊಟ್ಟ ಮೊದಲ ವರದಿ, 2009ರಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋದದ್ದು, 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ನಡೆದ ಕಾಂಗ್ರೆಸ್ ಪಾದಯಾತ್ರೆ, 2011ರ ಜುಲೈ 27ರ ಎರಡನೇ ವರದಿ, ಎರಡೇ ದಿನಕ್ಕೆ, ಅಂದರೆ 29ರಂದು, ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟಿನ ಆದೇಶ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದವನ್ನು ರದ್ದುಮಾಡಿದ್ದನ್ನೂ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡು ಕೇಳಿದರು: "ಸರ್, ಇದೆಲ್ಲ ಪತ್ರಿಕೆಗಳಲ್ಲಿ ಸಿಗುತ್ತದೆ. ನಿಮ್ಮ ಸಂಘದ ಆ ವರ್ಷಗಳ ಹಾಲಿನ ರಿಜಿಸ್ಟರ್ ಇದೆಯೇ?"

ಇರಲಿಲ್ಲ. ಸಂಘದ ಕಟ್ಟಡಕ್ಕೆ ಸುಣ್ಣ ಹೊಡೆಸುವಾಗ ನಾನೇ ರದ್ದಿಗೆ ಹಾಕಿಸಿದ್ದೆ. ಆಡಿಟ್ ಮುಗಿದಿದೆ, ಇಲಿ ಸೇರುತ್ತಿವೆ, ಇನ್ನೇಕೆ ಎಂದುಕೊಂಡೆ. ಬಂದ ಹಣದಲ್ಲಿ ಎಲ್ಲರೂ ಚಹಾ ಕುಡಿದೆವು.

ಉಳಿದಿದ್ದುದು ನಡಾವಳಿ ಪುಸ್ತಕ ಮಾತ್ರ. ಅದನ್ನೇ ಅವರ ಮುಂದಿಟ್ಟೆ. ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತು ಹಾಲಿನ ವಾಹನ ತಡವಾಗಿ, ಕ್ಯಾನಿನ ಹಾಲು ಒಡೆದ ದಿನಗಳು ಅದರಲ್ಲಿ ತಾರೀಖಿನ ಸಮೇತ ಇದ್ದವು. ನಷ್ಟ ಯಾರು ಹೊರಬೇಕೆಂದು ಜಗಳವಾಗಿ ಠರಾವು ಬರೆದಿದ್ದೆವು. ಅಂದು ಅದು ನಮಗೆ ಬರೀ ಜಗಳ. ಅವರಿಗೆ ಅದೇ ದೊಡ್ಡ ಸಾಕ್ಷಿಯಾಯಿತು.

ನಮ್ಮ ತಾಲ್ಲೂಕಿಗೆ ಚಳವಳಿ ಹೊಸದಲ್ಲ. 1973ರಲ್ಲಿ ಇಲ್ಲಿ ಸಮಾಜವಾದಿಗಳ ಮುಂದಾಳತ್ವದಲ್ಲಿ ಭೂಹೋರಾಟ ನಡೆಯಿತು; 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಆ ಹೋರಾಟದ ಬಗ್ಗೆ ಅರುಣ್ ಜೋಳದಕೂಡ್ಲಿಗಿಯವರು ಪುಸ್ತಕವನ್ನೇ ಬರೆದಿದ್ದಾರೆ. ಗಣಿ ಚಳವಳಿಯ ಬಗ್ಗೆ ಮುಂದೆ ಬರೆಯುವವರು ನಮ್ಮ ಬಾಗಿಲಿಗೆ ಬಂದಾಗ ನಾವು ಏನು ಕೊಡುತ್ತೇವೆ ಎಂಬುದೇ ನನ್ನ ಪ್ರಶ್ನೆ.

ಹಾಗೆಂದು ರಿಜಿಸ್ಟರೇ ಎಲ್ಲ ಹೇಳಿಬಿಡುತ್ತದೆಂದು ತಾವು ತಿಳಿಯಬಾರದು. ಅದೂ ದಾರಿ ತಪ್ಪಿಸುತ್ತದೆ. ಅದಿರಿಗೆ ಬೆಲೆ ಬಂದ ವರ್ಷಗಳಲ್ಲಿ ಸಂಘದ ಹಾಲು ಕಡಿಮೆಯಾಯಿತು ಎಂದಿಟ್ಟುಕೊಳ್ಳಿ. ಗಣಿ ಧೂಳಿನಿಂದಲೇ ಕಡಿಮೆಯಾಯಿತು ಎನ್ನಬಹುದೇ? 2001ರಿಂದ ಮೂರು ವರ್ಷ ರಾಜ್ಯದಲ್ಲಿ ಬರಗಾಲವಿತ್ತು. ಮೇಲಾಗಿ ಲಾರಿ ರಸ್ತೆಯ ಉದ್ದಕ್ಕೂ ಚಹಾದಂಗಡಿಗಳು ಎದ್ದವು. ನಮ್ಮ ಸದಸ್ಯರೇ ಕೆಲವರು ಫ್ಯಾಟು, ಡಿಗ್ರಿ ಯಾವುದನ್ನೂ ನೋಡದ ಆ ಅಂಗಡಿಗಳಿಗೆ ಹಾಲು ಹಾಕಿದರು. ಎಮ್ಮೆ ಮನೆಯಲ್ಲೇ ಇತ್ತು, ಹಾಲು ಮಾತ್ರ ಸಂಘಕ್ಕೆ ಬರಲಿಲ್ಲ! ಹಾಗೆಯೇ 2011ರ ನಂತರ ಹಾಲು ಏರಿದ್ದರೆ ಅದು ಚಳವಳಿಯ ಫಲವೇ? ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದದ್ದು 2013ರಲ್ಲಿ 4, 2016ರಲ್ಲಿ 5 ಆಯಿತು. ಅದರ ಪಾಲನ್ನು ಕಳೆಯದೆ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಇದು ಆ ವಿದ್ಯಾರ್ಥಿನಿಗೆ ಗೊತ್ತಿರಲಿಲ್ಲ, ನಾನು ಹೇಳಿದೆ. ನಮ್ಮಂಥವರಿಂದ ಆಗುವ ಸಹಾಯ ಇಂಥದ್ದೇ.

ಆದ್ದರಿಂದ ಪುಸ್ತಕದ ಜೊತೆಗೆ ಮನೆಗಳಿಗೂ ಹೋಗಬೇಕು. ಅಲ್ಲಿ "ಚಳವಳಿಯಿಂದ ಏನು ಪರಿಣಾಮವಾಯಿತು?" ಎಂದು ಕೇಳಿದರೆ ಎಲ್ಲರೂ ಪತ್ರಿಕೆಯಲ್ಲಿ ಓದಿದ್ದನ್ನೇ ಹೇಳುತ್ತಾರೆ. ಆಗ ಎಷ್ಟು ದನ ಕಟ್ಟಿದ್ದಿರಿ, ಯಾವಾಗ ಮಾರಿದಿರಿ, ಮೇವು ಎಲ್ಲಿಂದ ತರುತ್ತಿದ್ದಿರಿ ಎಂದು ಕೇಳಬೇಕು. ಇಸವಿ ನೆನಪಿಲ್ಲದಿದ್ದರೆ ಮಗಳ ಮದುವೆಗೆ ಮೊದಲೋ ಆಮೇಲೋ ಎನ್ನಬೇಕು.

ನನ್ನ ಮನೆಯದೇ ಹೇಳುತ್ತೇನೆ. ನನ್ನ ತಮ್ಮನ ಮಗ ಎರಡು ಎಮ್ಮೆ ಮಾರಿ, ಸಾಲ ಮಾಡಿ ಲಾರಿ ತಂದ. ಕೆಲವು ವರ್ಷ ಚೆನ್ನಾಗಿಯೇ ದುಡಿದ, ಸುಳ್ಳು ಹೇಳಬಾರದು. ಗಣಿ ನಿಂತಾಗ ಕಂತು ಕಟ್ಟಲಾಗದೆ ಲಾರಿ ಹೋಯಿತು. ಅಕ್ರಮವಾಗಿ ಅದಿರು ತೆಗೆದವರು ಯಾರೋ, ಸಾಲ ತೀರಿಸಿದವನು ಇವನು. ಇಂದಿಗೂ ಅವನ ಮುಂದೆ ಚಳವಳಿಯ ಹೆಸರೆತ್ತುವಂತಿಲ್ಲ. ಅವನ ತಾಯಿಯನ್ನು ಕೇಳಿದರೆ ಬೇರೆಯೇ ಮಾತು. "ಭಾವಾ, ಆಗ ಸೊಪ್ಪೆ ಝಾಡಿಸಿದ್ರೆ ಕೆಂಪು ಧೂಳು ಕಣ್ಣಿಗೆ ಬೀಳ್ತಿತ್ತು, ಎಮ್ಮೆ ಮೂಸಿ ಬಿಡ್ತಿತ್ತು. ಮಗ ರಾತ್ರಿ ಎಲ್ಲಿದಾನೋ ಅಂತ ನಿದ್ದಿ ಇರ್ತಿದ್ದಿಲ್ಲ. ಈಗ ಮನಿಯಾಗ ಮಲಗ್ತಾನ." ಒಂದೇ ಸೂರಿನಡಿ ಎರಡು ಉತ್ತರ. ವಿದ್ಯಾರ್ಥಿನಿ ಯಾವುದನ್ನು ಬರೆಯಲಿ ಎಂದು ನನ್ನನ್ನು ಕೇಳಿದರು. ಎರಡನ್ನೂ ಬರೆಯಮ್ಮ ಎಂದೆ.

ನಾನು ಚಳವಳಿಯ ಪರವೇ. ನಾರಿಹಳ್ಳದ ನೀರು ಕೆಂಪಾಗಿ ಹರಿದದ್ದನ್ನು ಕಂಡವನು ಬೇರೆ ಹೇಳಲಾರೆ. ಆದರೆ ತಮ್ಮನ ಮಗನ ಲಾರಿಯನ್ನು ಬಿಟ್ಟು ಬರೆದ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಗಣಿಗಳು ಮತ್ತೆ ನಡೆಯುತ್ತಿವೆ. 2013ರಲ್ಲಿ ಕೋರ್ಟು ಜಿಲ್ಲೆಗೆ ಹಾಕಿದ್ದ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿಯೂ ಆಮೇಲೆ ಏರಿದೆ. 2024ರಲ್ಲಿ ದೇವದಾರಿ ಬೆಟ್ಟದ ಮರಗಳಿಗಾಗಿ ಜನ ಮತ್ತೆ ದನಿಯೆತ್ತಿದರು. ಅಂದರೆ ಇಂದು ತಾವು ಬರೆಯುತ್ತಿರುವ ಪುಟವನ್ನೂ ಮುಂದೆ ಯಾರೋ ಕೇಳಿಕೊಂಡು ಬರುತ್ತಾರೆ.

ಈಗ ಕಂಪ್ಯೂಟರಿನಲ್ಲಿ ಎಲ್ಲ ಇದೆ ಎನ್ನುತ್ತೀರಿ. ಇರಲಿ, ಹಳೆಯ ಪುಸ್ತಕ ಅದರಲ್ಲಿಲ್ಲ. ರದ್ದಿಗೆ ಹಾಕುವ ಮುನ್ನ ಆಡಳಿತ ಮಂಡಳಿಯ ಮುಂದಿಡಿ. ಸಂಶೋಧಕರು ಬಂದರೆ ಠರಾವು ಮಾಡಿ ಸಂಘದಲ್ಲೇ ಕೂರಿಸಿ ತೋರಿಸಿ; ಮೂಲ ಪುಸ್ತಕ ಹೊರಗೆ ಕೊಡಬೇಡಿ. ಸದಸ್ಯರ ಸಾಲದ ವಿವರ, ಹೆಸರು ಬರೆದುಕೊಳ್ಳಲು ಬಿಡಬೇಡಿ. ಬಟವಾಡೆಯ ಹಣ ಯಾರ ಕೈಗೆ ಹೋಯಿತೆಂಬುದು ಮನೆಯ ವಿಷಯ.

ನಮ್ಮ ಸಂಘದ ಆ ನಡಾವಳಿ ಪುಸ್ತಕವನ್ನು ಅಧ್ಯಕ್ಷರ ಅಪ್ಪಣೆ ಪಡೆದು ತಂದಿದ್ದೇನೆ, ಮೇಜಿನ ಮೇಲಿದೆ. ಊಟ ಮುಗಿಸಿ, ಕೈ ಒರೆಸಿಕೊಂಡು ಬಂದು ನೋಡಬಹುದು. ಹಾಲು ಒಡೆದ ದಿನಗಳ ಪುಟಗಳಿಗೆ ದಾರ ಇಟ್ಟಿದ್ದೇನೆ.