ಓದದ ಪ್ರಶ್ನೆ ಬಂದರ ಹ್ಯಾಂಗ್ರಿ?

(ತಿಕೋಟಾ, ಬಬಲೇಶ್ವರ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ವಿಜಯಪುರದಲ್ಲಿ ಹೇಳಿದ ಮಾತುಗಳು)



2024ರ ಡಿಸೆಂಬರ್‌ನಲ್ಲಿ ಎಲ್‌ಐಸಿಯ ‘ಬಿಮಾ ಸಖಿ’ ಯೋಜನೆ ಆರಂಭವಾಯಿತು. ಆಮೇಲೆ ಹತ್ತನೇ ಇಯತ್ತೆ ಪಾಸಾದ ನಿಮ್ಮಲ್ಲಿ ಅನೇಕರು ವಿಮಾ ಏಜೆಂಟರ ಪರೀಕ್ಷೆಯ ಬಗ್ಗೆ ಕೇಳುತ್ತಿದ್ದೀರಿ. ಮೊದಲ ವರ್ಷ ತಿಂಗಳಿಗೆ 7,000 ರೂಪಾಯಿ ಶಿಷ್ಯವೇತನ ಅಂದರೆ ಆಸೆ ಆಗುವುದು ಸಹಜ. ಅದಕ್ಕೆ ಷರತ್ತುಗಳೂ ಉಂಟು, ಅದನ್ನು ಬೇರೆ ದಿನ ಮಾತಾಡೋಣ. ಈಗ ನಿಮ್ಮ ಅಂಜಿಕೆಯ ವಿಚಾರ: “ಸಿಸ್ಟರ್, ಓದದೇ ಇದ್ದದ್ದು ಬಂದರ ಹ್ಯಾಂಗ್ರಿ?”

ಬಂದೇ ಬರತೈತಿ. ಆದರೆ ಲೆಕ್ಕ ನೋಡ್ರಿ. ಒಂದು ತಾಸಿನಲ್ಲಿ 50 ಪ್ರಶ್ನೆ. ಪಾಸಾಗಲು ನೂರಕ್ಕೆ 35, ಅಂದರೆ 18 ಉತ್ತರ ಸರಿಯಾದರೆ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ತಿಳಿಯದ ಪ್ರಶ್ನೆಯ ಮುಂದೆ ಐದು ನಿಮಿಷ ಕುಳಿತರೆ ತಿಳಿದಿರುವ ನಾಲ್ಕು ಪ್ರಶ್ನೆ ಕೈತಪ್ಪುತ್ತವೆ. ಮುಂದೆ ಹೋಗಿ, ಕೊನೆಗೆ ಮರಳಿ ಬನ್ನಿ.

ನಿಜವಾದ ತೊಂದರೆ ಪುಸ್ತಕದ ಭಾಷೆ. ‘ಪರಮ ಸದ್ವಿಶ್ವಾಸ’ ಅಂತ ಓದಿದ ಕೂಡಲೇ ತಲೆ ಗಿರ್ ಅನ್ನುತ್ತದೆ. ಅದರೊಳಗೆ ಏನಿದೆ? ಬೇರೆ ಸಂಘದಲ್ಲಿದ್ದ ಸಾಲ ಮುಚ್ಚಿಟ್ಟು ನಮ್ಮ ಸಂಘದಲ್ಲಿ ಸಾಲ ಕೇಳಿದರೆ ನಾವು ಏನಂತೀವಿ? ವಿಮೆಯಲ್ಲೂ ಹಾಗೆಯೇ, ಇರುವ ರೋಗ ಅರ್ಜಿಯಲ್ಲಿ ಮುಚ್ಚಿಡಬಾರದು. ‘ವಿಮಾ ಹಿತಾಸಕ್ತಿ’ ಅಂದರೆ ನಷ್ಟ ಯಾರದು ಎನ್ನುವ ಪ್ರಶ್ನೆ. ಬಾಜೂ ಮನೆಯವರ ಎಮ್ಮೆಗೆ ನಾನು ವಿಮೆ ಮಾಡಿಸಲು ಬರುವುದಿಲ್ಲ. ಅದು ಸತ್ತರೆ ನನಗೇನು ನಷ್ಟ? ಇನ್ನು ನಿಮ್ಮದೇ ಎಮ್ಮೆ, 60,000 ಬೆಲೆ, ಎರಡು ಕಂಪನಿಯಲ್ಲಿ ವಿಮೆ ಮಾಡಿಸಿದ್ದೀರಿ ಅನ್ನಿ. ಎರಡೂ ಕಡೆಯಿಂದ ಕೂಡಿ ಸಿಗುವುದು 60,000 ಮೀರುವುದಿಲ್ಲ. ಇದು ‘ನಷ್ಟ ಭರ್ತಿ ತತ್ವ’. ಮನುಷ್ಯರ ಜೀವಕ್ಕೆ ಬೆಲೆ ಕಟ್ಟಲಾಗದು, ಅದಕ್ಕೇ ಜೀವ ವಿಮೆಗೆ ಈ ತತ್ವ ಹೊಂದುವುದಿಲ್ಲ. ಈ ಒಂದು ಎಮ್ಮೆ ನೆನಪಿದ್ದರೆ ನೀವು ಓದದ ಮೂರ್ನಾಲ್ಕು ಪ್ರಶ್ನೆ ಬಿಡಿಸಬಹುದು!

ಅಷ್ಟಾದರೂ ತಿಳಿಯದಿದ್ದರೆ, ಖಂಡಿತ ಅಲ್ಲ ಅನ್ನುವ ಉತ್ತರಗಳನ್ನು ಮೊದಲು ತೆಗೆದುಹಾಕಿ. ನಾಲ್ಕರಲ್ಲಿ ಎರಡು ಹೋದರೆ ಅರ್ಧ ಕೆಲಸ ಆಯಿತು. ‘ಅಲ್ಲ’, ‘ಹೊರತುಪಡಿಸಿ’ ಎಂಬ ಪದ ಪ್ರಶ್ನೆಯಲ್ಲಿದೆಯೇ ಎಂದು ಎರಡು ಸಲ ನೋಡಿ.

ಯಾರದೋ ಹಳೆಯ ಪುಸ್ತಕ ತಂದು ಓದಬೇಡಿ. ಪಾಲಿಸಿ ಕೈಗೆ ಬಂದ ಮೇಲೆ ಬೇಡವೆನಿಸಿದರೆ ಮರಳಿಸುವ ಅವಧಿ ಹಳೆಯದರಲ್ಲಿ 15 ದಿನ ಅಂತಿರುತ್ತದೆ. 2024ರ ನಿಯಮದಂತೆ 30 ದಿನ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಊಹೆ ಪರೀಕ್ಷೆಯ ಕೋಣೆಗೆ ಸಾಕು. ನಾಳೆ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ಹೆಣ್ಣುಮಗಳು, “ನಡುವ ಕಂತು ಬಿಟ್ಟರ ನನ್ನ ರೊಕ್ಕ ಬರತೈತೇನ್ರಿ ಅಕ್ಕಾ?” ಅಂತ ಕೇಳಿದರೆ ಅಂದಾಜಿನಲ್ಲಿ ‘ಹೂಂ’ ಅನ್ನಬೇಡಿ. “ಆಫೀಸಿನ್ಯಾಗ ಕೇಳಿ ಹೇಳ್ತೀನವ್ವಾ” ಅನ್ನಿ, ಕೇಳಿ ಬಂದು ಹೇಳಿ. ಅದು ಆಕೆಯ ಕೂಲಿ ಹಣ.

ಈಗ ಮಾದರಿ ಪ್ರಶ್ನೆಪತ್ರಿಕೆ ಹಂಚುತ್ತೇವೆ. ಗಡಿಯಾರ ನೋಡಿಕೊಳ್ಳಿ, ಒಂದು ತಾಸು. ಯಾರೂ ಖಾಲಿ ಬಿಡಬ್ಯಾಡ್ರಿ.