ಒಪ್ಪಿ ಬೇರೆಯಾದವರಿಗೂ ವಾಯಿದೆ
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕೆಲವು ತಿಂಗಳ ಹಿಂದೆ ನಮ್ಮ ಕಚೇರಿಗೆ ಗಂಡಹೆಂಡಿರಿಬ್ಬರು ಬಂದರು. ಆತ ನೂಲಿನ ಖಾತೆಯ ಕೆಲಸಗಾರ. ಆಕೆ ಸಂತೆಯಲ್ಲಿ ಬಳೆ ಮಾರುವವಳು. ಬೇರೆಯಾಗಲು ಇಬ್ಬರೂ ಒಪ್ಪಿದ್ದಾರೆ. ಎಂಟು ವರ್ಷದ ಮಗಳು ತಾಯಿಯ ಹತ್ತಿರ ಇರಬೇಕು, ತಂದೆ ತಿಂಗಳು ತಿಂಗಳು ಹಣ ಕೊಡಬೇಕು, ಇದಕ್ಕೂ ಒಪ್ಪಿದ್ದಾರೆ. ಆದರೂ ಡಿಕ್ರಿ ಆಗಿಲ್ಲ. ಒಂದು ವಾಯಿದೆಗೆ ನ್ಯಾಯಾಧೀಶರು ರಜೆ, ಇನ್ನೊಂದಕ್ಕೆ ಕಾಗದ ಸಾಲದು. ಪ್ರತಿ ವಾಯಿದೆಗೂ ಆತನದೊಂದು ಹಾಜರಿ ಹೋಯಿತು, ಆಕೆಯದೊಂದು ಸಂತೆ ಹೋಯಿತು. ‘ಡಿಕ್ರಿ ಆಗಲಿ, ಆಮೇಲೆ ಕೊಡುತ್ತೇನೆ’ ಎಂದು ಆತ ಮಗುವಿನ ಹಣವನ್ನೂ ತಡೆದಿದ್ದ.

ಕಾನೂನು ಏನನ್ನುತ್ತದೆ? 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ 13-ಬಿ ಕಲಮು ಸೇರಿತು. ಒಂದು ವರ್ಷ ಬೇರೆ ಇದ್ದವರು ಕೂಡಿ ಅರ್ಜಿ ಕೊಡಬಹುದು. ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ ಮತ್ತೆ ಬಂದು ಕೇಳಬೇಕು. ದುಡುಕಿದವರು ಯೋಚಿಸಲಿ ಎಂದು ಇಟ್ಟ ಅವಧಿ ಅದು. ಆದರೆ ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿಯ ಪ್ರಯತ್ನ ಮುರಿದು, ಮಗುವಿನ ಪಾಲನೆ, ಜೀವನಾಂಶ ತೀರ್ಮಾನವಾಗಿದ್ದರೆ ಈ ಆರು ತಿಂಗಳನ್ನು ಕೋರ್ಟು ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ತಾನಾಗಿ ಬಾರದು, ಅರ್ಜಿ ಕೊಟ್ಟು ಕೇಳಬೇಕು.

ಮಗುವಿನ ಹಸಿವಂತೂ ಡಿಕ್ರಿಗೆ ಕಾಯುವುದಿಲ್ಲ. ಅದೇ ಕಾಯಿದೆಯ 26ನೇ ಕಲಮಿನಂತೆ ಮಗುವಿನ ಊಟ, ಬಟ್ಟೆ, ಶಾಲೆಗೆ ಮೊಕದ್ದಮೆ ನಡೆಯುವಾಗಲೇ ಹುಕುಂ ಪಡೆಯಬಹುದು. ಅಂಥ ಅರ್ಜಿ, ನೋಟೀಸು ಮುಟ್ಟಿದ 60 ದಿನಗಳಲ್ಲಿ ಆದಷ್ಟೂ ಇತ್ಯರ್ಥವಾಗಬೇಕೆಂದು 2001ರ ತಿದ್ದುಪಡಿ ಹೇಳುತ್ತದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು.

ವಕೀಲರ ಫೀಜಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ವಕೀಲರು ಸಿಗುತ್ತಾರೆ. ಇದು ಭಿಕ್ಷೆಯಲ್ಲ, ಹಕ್ಕು.

ಸಿರಿವಂತನ ವ್ಯಾಜ್ಯ ಹತ್ತು ವರ್ಷ ಎಳೆದರೂ ಅವನ ಒಲೆ ಆರುವುದಿಲ್ಲ. ನಮ್ಮದು ಒಂದು ವಾಯಿದೆಗೇ ಆರುತ್ತದೆ. ಆದ್ದರಿಂದ ಖಾಲಿ ಇರುವ ನ್ಯಾಯಾಧೀಶರ ಹುದ್ದೆಗಳನ್ನು ತುಂಬಲೇಬೇಕು. ವಾಯಿದೆಯ ದಿನಕ್ಕೆ ಸಂಬಳ ಸಹಿತ ರಜೆ ಕೊಡಬೇಕು. ಇದು ನಮ್ಮ ಬೇಡಿಕೆ.

ಆದರೆ ಎಲ್ಲ ತಪ್ಪೂ ಸರಕಾರದ್ದಲ್ಲ. ಆತನಿಗೆ ನಾನು ಅಂದೆ: ‘ತಮ್ಮಾ, ಬೋನಸ್ಸು ತಡವಾದರೆ ನೀನು ಗೇಟಿನ ಮುಂದೆ ಕೂಗುತ್ತೀಯೆ. ನಿನ್ನ ಮಗಳು ಯಾವ ಗೇಟಿನ ಮುಂದೆ ಕೂಗಬೇಕು?’

ಆತ ತಲೆ ತಗ್ಗಿಸಿದ. ಬಟವಾಡೆಯ ಸಂಜೆಯೇ ಹಣ ಮುಟ್ಟಿಸಿದ. ಡಿಕ್ರಿ ಇನ್ನೂ ಬರಬೇಕು.